ಕತೆಗೆ ಅಡ್ಡಬಾಯಿ ಹಾಕುವವರು

ಟೆರ್ರಿ ಪ್ರಾಚೆಟ್ ಎಂಬ ಇಂಗ್ಲಿಷ್ ಲೇಖಕ 1991ರಲ್ಲಿ ಪ್ರಕಟಿಸಿದ ‘ವಿಚಸ್ ಅಬ್ರಾಡ್’ ಮೂವರು ಮಾಟಗಾತಿಯರು ಪೊರಕೆ ಏರಿ ದೂರದೂರಿಗೆ ಹೊರಡುವ ನಗೆಯ ಕಾದಂಬರಿ. ಪುಟಕ್ಕೊಂದು ನಗೆ ಇರುವ ಆ ಪುಸ್ತಕದ ನಡುವೆ ಒಂದು ತೋಳ ಬರುತ್ತದೆ. ಕೆಂಪು ಟೋಪಿಯ ಹುಡುಗಿಯ ಕತೆ ನಾವೆಲ್ಲ ಕೇಳಿದ್ದೇವೆ. ಅಜ್ಜಿಯನ್ನು ನುಂಗಿ ಅವಳ ಸೀರೆ ಸುತ್ತಿಕೊಂಡು ಮಲಗುವ ಅದೇ ತೋಳ ಇದು. ಆದರೆ ಪ್ರಾಚೆಟ್‌ನ ತೋಳಕ್ಕೆ ಇದು ಯಾವುದೂ ಬೇಕಿಲ್ಲ. ಕತೆ ಸರಿಯಾಗಿ ನಡೆಯಬೇಕೆಂದು ಯಾರೋ ಅದರ ತಲೆಯೊಳಗೆ ಮನುಷ್ಯಬುದ್ಧಿ ತುರುಕಿದ್ದಾರೆ. ಅತ್ತ ತೋಳವಾಗಿ ಬೇಟೆಯಾಡಲಾರದೆ, ಇತ್ತ ಮನುಷ್ಯನಾಗಿ ಬದುಕಲಾರದೆ, ಹಸಿವಿನಿಂದ ಕಂಗೆಟ್ಟು ಅದು ಸಾವನ್ನು ಬೇಡುತ್ತದೆ. ಮಾಟಗಾತಿಯರಲ್ಲಿ ಹಿರಿಯಳಾದ ಗ್ರ್ಯಾನಿ ವೆದರ್‌ವ್ಯಾಕ್ಸ್ ಅದನ್ನು ಗೌರವದಿಂದ ಮಣ್ಣು ಮಾಡಿಸುತ್ತಾಳೆ. ಹಾಗೆಯೇ, ಒಂಟಿ ಮುದುಕಿಯೊಬ್ಬಳನ್ನು ಕಾಡಿನ ನಡುವೆ ಬಿಟ್ಟು ತಮ್ಮ ಪಾಡಿಗೆ ತಾವಿದ್ದ ಸೌದೆ ಕಡಿಯುವವರನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಳ್ಳುತ್ತಾಳೆ.

ಅಲ್ಲಿಯವರೆಗೆ ನಗುತ್ತಾ ಓದುತ್ತಿದ್ದ ನಾನು ಪುಸ್ತಕ ಕೆಳಗಿಟ್ಟೆ. ಅಜ್ಜಿಯ ಮನೆ ಅಷ್ಟು ದೂರ ಏಕಿತ್ತು ಎಂದು ಆ ಕತೆ ಕೇಳಿದ ಕಾಲದಿಂದ ಇವತ್ತಿನವರೆಗೂ ನನಗೆ ತೋಚಿರಲಿಲ್ಲ. ಕತೆಗೆ ಕಾಡು ಬೇಕಿತ್ತು, ಕಾಡಿನ ನಡುವೆ ಮನೆ ಬೇಕಿತ್ತು. ಹಾಗಾಗಿ ಮುದುಕಿ ಅಲ್ಲಿದ್ದಳು.

ಈ ಕಾದಂಬರಿಯ ಖಳನಾಯಕಿ ಲಿಲಿತ್ ವರ ಕೊಡುವ ಯಕ್ಷಿಣಿ. ಯಾರಿಗೂ ಕೆಡುಕು ಮಾಡುತ್ತಿದ್ದೇನೆ ಎಂಬ ಭಾವನೆಯೇ ಅವಳಿಗಿಲ್ಲ. ಎಲ್ಲ ಕತೆಗಳೂ ಸುಖಾಂತ್ಯ ಕಾಣಬೇಕು ಎಂಬುದೊಂದೇ ಅವಳ ಹಟ. ಬೂದಿಯಲ್ಲಿ ಬೆಳೆದ ಹುಡುಗಿ ರಾಜಕುಮಾರನನ್ನೇ ಮದುವೆಯಾಗಬೇಕು, ಹುಡುಗಿಗೆ ಮನಸ್ಸಿಲ್ಲದಿದ್ದರೂ ಆಗಬೇಕು. ರಾಜಕುಮಾರ ನಿಜದಲ್ಲಿ ಕಪ್ಪೆಯಾಗಿದ್ದರೂ ಆಗಬೇಕು. ಅವಳ ಊರಿನಲ್ಲಿ ಬೊಂಬೆ ಮಾಡುವವನು ಮಕ್ಕಳಿಗೆ ಕತೆ ಹೇಳುತ್ತಾ ನಗುನಗುತ್ತಾ ಇರಲೇಬೇಕು, ಇಲ್ಲದಿದ್ದರೆ ಸೆರೆಮನೆ. ಪ್ರಾಚೆಟ್ ಹೇಳಹೊರಟಿದ್ದು ಇಷ್ಟು: ಕತೆಗಳಿಗೆ ತಮ್ಮದೇ ಜಾಡುಗಳಿವೆ. ಮತ್ತೆ ಮತ್ತೆ ಹೇಳಿದಷ್ಟೂ ಜಾಡು ಆಳವಾಗುತ್ತದೆ, ಕೊನೆಗೆ ಮನುಷ್ಯರು ಕತೆ ಹೇಳುವ ಬದಲು ಕತೆಯೇ ಮನುಷ್ಯರನ್ನು ಎಳೆದುಕೊಂಡು ಹೋಗುತ್ತದೆ.

ನಾನು ಈ ಪುಸ್ತಕ ಓದಿದ್ದು ಯಲಹಂಕದ ಪುಟ್ಟೇನಹಳ್ಳಿಯಲ್ಲಿ. ನಮ್ಮಲ್ಲೊಂದು ಕೆರೆಯಿದೆ. ಸುತ್ತ ಬಡಾವಣೆ, ಅಪಾರ್ಟ್‌ಮೆಂಟುಗಳು ಎದ್ದರೂ ಹಕ್ಕಿಗಳಿಗಾಗಿ ಉಳಿಸಿಕೊಂಡ ಸಂರಕ್ಷಿತ ಕೆರೆ. ಕೆರೆಯ ಪಕ್ಕ ಕುಳಿತು ಆ ಜಾಡಿನ ಮಾತು ಓದಿದ ಕನ್ನಡದವರಿಗೆ ಯಾರು ನೆನಪಾಗಬಹುದು? ನನಗಂತೂ ಭಾಗೀರಥಿಯೇ ನೆನಪಾದಳು.

‘ಕೆರೆಗೆ ಹಾರ’ ನಮ್ಮ ಜನಪದರು ಕಟ್ಟಿದ ಕತನಗೀತೆಗಳಲ್ಲೇ ಬಹಳ ಹೆಸರಾದದ್ದು. ಮಲ್ಲನಗೌಡ ಕೆರೆ ಕಟ್ಟಿಸುತ್ತಾನೆ, ಹನಿ ನೀರಿಲ್ಲ. ಹೊತ್ತಿಗೆ ತೆಗೆಸಿ ಕೇಳಿದರೆ ಸೊಸೆಯನ್ನು ಬಲಿ ಕೊಡಬೇಕು ಎಂದು ಬರುತ್ತದೆ. ಹಿರಿಸೊಸೆಯನ್ನು ಕೊಟ್ಟರೆ ಹಿರಿತನಕ್ಕೆ ಯಾರು ಎಂಬ ಯೋಚನೆ ಬಂದು ಕಿರಿಸೊಸೆ ಭಾಗೀರಥಿಯ ಪಾಲಿಗೆ ಅದು ಬೀಳುತ್ತದೆ. ಅವಳು ತವರಿಗೆ ಹೋಗಿ ಬರುತ್ತಾಳೆ, ಗೆಳತಿಯನ್ನು ಕಾಣುತ್ತಾಳೆ, ಬಾಯಿಬಿಟ್ಟು ಯಾರೊಂದಿಗೂ ಜಗಳ ಆಡುವುದಿಲ್ಲ. ಪೂಜೆ ಮುಗಿಸಿ ಎಲ್ಲರೂ ಹಿಂದಿರುಗುವಾಗ ಬಂಗಾರದ ಬಟ್ಟಲು ಕೆರೆಯಲ್ಲೇ ಉಳಿದದ್ದು ನೆನಪಾಗುತ್ತದೆ, ತರಲು ಅವಳೇ ಹೋಗುತ್ತಾಳೆ. ಅವಳು ಒಂದೊಂದು ಮೆಟ್ಟಿಲು ಹತ್ತಿದ ಹಾಗೂ ನೀರು ಒಂದೊಂದು ಅಳತೆ ಏರುತ್ತದೆ. ಸೈನ್ಯದಲ್ಲಿದ್ದ ಗಂಡ ಮಾದೇವರಾಯ ಬಂದು ವಿಷಯ ತಿಳಿದು ತಾನೂ ಅದೇ ಕೆರೆಗೆ ಹಾರುತ್ತಾನೆ.

ಒಂದೊಂದೇ ಮೆಟ್ಟಿಲಿಗೆ ನೀರು ಏರುವ ಆ ಭಾಗವನ್ನು ಹಾಡಿ ಕೇಳಿದವರಿಗೆ ಗೊತ್ತು, ಅದರ ಕಟ್ಟು ಮಕ್ಕಳ ಕತೆಯ ಕಟ್ಟೇ. ಕಾಗಕ್ಕ ಗುಬ್ಬಕ್ಕನ ಕತೆಯಲ್ಲೂ ಇದೇ ಇದೆ. ಮಳೆಯಲ್ಲಿ ಮನೆ ಕಳೆದುಕೊಂಡ ಕಾಗಕ್ಕ ಬಾಗಿಲು ಬಡಿದಾಗಲೆಲ್ಲ ಗುಬ್ಬಕ್ಕ ಒಂದು ನೆಪ ಹೇಳುತ್ತದೆ: ತಾಳು, ಮಗುವಿಗೆ ನೀರು ಹಾಕುತ್ತಿದ್ದೇನೆ, ತಾಳು, ಮೈ ಒರೆಸುತ್ತಿದ್ದೇನೆ, ತಾಳು, ತೊಟ್ಟಿಲಿಗೆ ಹಾಕುತ್ತಿದ್ದೇನೆ. ಮೂರನೆಯ ನೆಪದ ಹೊತ್ತಿಗೆ ಮಕ್ಕಳೇ ನಾಲ್ಕನೆಯದನ್ನು ಕೂಗಿ ಹೇಳುತ್ತಾರೆ. ಅಲ್ಲಿ ನಗೆ ಹುಟ್ಟಿಸುವ ಪುನರಾವರ್ತನೆಯೇ ಇಲ್ಲಿ ಸಾವನ್ನು ಅಳೆಯುತ್ತದೆ. ಪದ್ಧತಿಯಲ್ಲಿ ತಪ್ಪಿಲ್ಲ. ಆದರೆ ಪದ್ಧತಿ ಎಷ್ಟು ಇಂಪಾಗಿದೆಯೆಂದರೆ, ಮುಂದಿನ ಮೆಟ್ಟಿಲು ಯಾವುದೆಂದು ಕಾಯುವ ಕಿವಿಗೆ ಅದರ ಮೇಲೆ ನಿಂತವಳು ಮರೆತುಹೋಗಿಬಿಡಬಹುದು. ನನಗೆ ಈ ಹಾಡಿನ ಮೇಲೆ ಅಪಾರ ಪ್ರೀತಿ, ಅದಕ್ಕೇ ಇಷ್ಟು ಭಯ.

ಯಲಹಂಕಕ್ಕೂ ಇಂಥದೊಂದು ಐತಿಹ್ಯ ಅಂಟಿಕೊಂಡಿದೆ. ಯಲಹಂಕ ನಾಡಪ್ರಭು ಕೆಂಪೇಗೌಡರು 1537ರಲ್ಲಿ ಬೆಂಗಳೂರು ಕಟ್ಟಿಸಿದರು. ಕೋಟೆಯ ದಕ್ಷಿಣದ ಬಾಗಿಲು ಎಷ್ಟು ಸಲ ನಿಲ್ಲಿಸಿದರೂ ಬೀಳುತ್ತಿತ್ತಂತೆ. ಬಸುರಿಯ ಬಲಿಯಾಗಬೇಕು ಎಂದರಂತೆ. ಕೆಂಪೇಗೌಡರು ಒಪ್ಪಲಿಲ್ಲವಂತೆ. ರಾತ್ರಿ ಯಾರಿಗೂ ಹೇಳದೆ ಸೊಸೆ ಲಕ್ಷ್ಮಮ್ಮ ತಾನೇ ಹೋಗಿ ಪ್ರಾಣ ಕೊಟ್ಟಳಂತೆ. ಕೋರಮಂಗಲದಲ್ಲಿ ಆಕೆಯ ಸ್ಮಾರಕವಿದೆ. ಇತಿಹಾಸ ಎಷ್ಟು, ಐತಿಹ್ಯ ಎಷ್ಟು ಎಂಬ ಲೆಕ್ಕ ಇತಿಹಾಸಕಾರರಿಗಿರಲಿ. ಕೆರೆಯಾಗಲಿ ಕೋಟೆಯಾಗಲಿ, ನಿಲ್ಲದ ಕಟ್ಟಡ, ನುಡಿಯುವ ಜೋಯಿಸ, ಮಾತಾಡದ ಸೊಸೆ, ಈ ಮೂರೂ ಒಟ್ಟಿಗೇ ಬರುತ್ತವೆ. ಕರ್ನಾಟಕದಲ್ಲಷ್ಟೇ ಅಲ್ಲ, ಸೇತುವೆಗೆ, ಕೋಟೆಗೆ ಹೆಣ್ಣನ್ನು ಬಲಿ ಕೊಡುವ ಹಾಡು ಬಾಲ್ಕನ್ ದೇಶಗಳಲ್ಲೂ ಇದೆ. ಜಾಡು ಅಷ್ಟು ಹಳೆಯದು, ಅಷ್ಟು ಉದ್ದದ್ದು.

ಒಮ್ಮೆ ನಮ್ಮ ಅಪಾರ್ಟ್‌ಮೆಂಟಿನ ಮಕ್ಕಳಿಗೆ ಭಾಗೀರಥಿಯ ಕತೆ ಹೇಳಿದೆ. ಕನ್ನಡ, ತೆಲುಗು, ಹಿಂದಿ ಮೂರೂ ಕಲಸಿ ಮಾತಾಡುವ ಮಕ್ಕಳು. ನೀರು ಸೊಂಟಕ್ಕೆ ಬಂತು ಎನ್ನುವಾಗ ಒಬ್ಬಳು ಅಡ್ಡಬಾಯಿ ಹಾಕಿದಳು: “ಅಲ್ಲ ಅಜ್ಜಿ, ಭಾಗೀರಥಿಗೆ ಈಜು ಬರ್ತಿರ್ಲಿಲ್ವಾ?” ಪಕ್ಕದ ಹುಡುಗ ಬಿಡಲಿಲ್ಲ: “ಕೆರೆ ಕಟ್ಸಿದ್ದು ಗೌಡ ತಾನೇ? ಅವನೇ ಇಳೀಬೇಕಿತ್ತು!” ಎಲ್ಲರೂ ನಕ್ಕರು. ನಾನೂ ನಕ್ಕೆ. ನೂರಾರು ವರ್ಷಗಳಿಂದ ಅಳಿಸಿಕೊಂಡು ಬಂದ ಹಾಡಿನ ಮುಂದೆ ಆ ಇಬ್ಬರು ಮಕ್ಕಳು ಕೇಳಿದ್ದು ಗ್ರ್ಯಾನಿ ವೆದರ್‌ವ್ಯಾಕ್ಸ್ ಕೇಳಿದ್ದನ್ನೇ. ಮುದುಕಿಯ ಮನೆ ಅಷ್ಟು ದೂರ ಏಕೆ? ಸೊಸೆಯೇ ಏಕೆ? ನಗೆಯ ಕತೆಯಿಂದ ನಾನು ಬಯಸುವುದು ಇದನ್ನು. ಅದು ಕತೆಯನ್ನು ಅಣಕಿಸಬೇಕಿಲ್ಲ. ಒಳಗೆ ಸಿಕ್ಕಿಕೊಂಡವರಿಗೆ ಬಾಯಿ ಕೊಟ್ಟರೆ ಸಾಕು.

ಹಾಗೆಂದು ಜಾಡುಗಳನ್ನೆಲ್ಲ ಕಿತ್ತೆಸೆಯಬೇಕು ಎನ್ನುವವರ ಜೊತೆ ನಾನಿಲ್ಲ. ಒಂದೂರಲ್ಲಿ ಒಬ್ಬ ರಾಜ, ರಾಜನಿಗೆ ಇಬ್ಬರು ಹೆಂಡಿರು, ಮೂವರು ಮಕ್ಕಳು, ಏಳು ಸಮುದ್ರದಾಚೆಯ ಗಿಳಿಯಲ್ಲಿ ರಾಕ್ಷಸನ ಜೀವ, ಇವೆಲ್ಲ ಬರವಣಿಗೆ ಇಲ್ಲದ ಕಾಲದಲ್ಲಿ ನೆನಪು ಹಿಡಿದುಕೊಂಡ ಗೂಟಗಳು. ಹೇಳುವವರಿಗೆ ಉಸಿರು ತಿರುಗಿಸಿಕೊಳ್ಳಲು ಅವಕಾಶ, ಕೇಳುವವರಿಗೆ ‘ಹ್ಞೂಂ’ಗುಟ್ಟಲು ಜಾಗ. ಹ್ಞೂಂಗುಟ್ಟುವವರಿಲ್ಲದೆ ನಮ್ಮಲ್ಲಿ ಕತೆ ಮುಂದೆ ಹೋಗುವುದಿಲ್ಲ. ಕೊನೆಯಲ್ಲಿ ಅವರು ಅಲ್ಲಿ ಸುಖವಾಗಿದ್ದಾರೆ, ನಾವು ಇಲ್ಲಿ ಹೀಗಿದ್ದೇವೆ ಎಂದು ಮುಗಿಸುವ ವಾಡಿಕೆ ನನಗೆ ಬಹಳ ಇಷ್ಟ. ಕತೆಯವರ ಸುಖ ಕತೆಯವರಿಗೆ, ನಮ್ಮ ಬದುಕು ನಮಗೆ, ಎರಡನ್ನೂ ಬೆರೆಸಬೇಡಿ ಎಂದು ಗಡಿ ಎಳೆದು ಮಕ್ಕಳನ್ನು ಮಲಗಿಸುತ್ತಿದ್ದ ಅಜ್ಜಿಯರು ಲಿಲಿತ್‌ಗಿಂತ ಬುದ್ಧಿವಂತರು. ಲಿಲಿತ್‌ಗೆ ಆ ಗಡಿಯೇ ಕಾಣಿಸಲಿಲ್ಲ.

ಸಿಂಡ್ರೆಲಾ ಕತೆಯನ್ನೇ ತೆಗೆದುಕೊಳ್ಳಿ. ಪ್ರಾಚೆಟ್ ಅದನ್ನು ತಲೆಕೆಳಗು ಮಾಡಲು ಒಂದು ಕಾದಂಬರಿಯನ್ನೇ ಬರೆಯಬೇಕಾಯಿತು. ಮೈಸೂರಿನಲ್ಲಿ ಹುಟ್ಟಿ ಷಿಕಾಗೋದಲ್ಲಿ ಪಾಠ ಹೇಳಿದ ಎ.ಕೆ. ರಾಮಾನುಜನ್ ಕರ್ನಾಟಕದಲ್ಲಿ ಸಂಗ್ರಹಿಸಿದ ಕತೆಗಳಲ್ಲಿ ಒಬ್ಬ ಕನ್ನಡದ ಸಿಂಡ್ರೆಲಾ ಇದ್ದಾಳೆ. ಅವಳ ಹೆಸರು ಹಂಚಿ. ಅಲನ್ ಡಂಡೀಸ್ 1982ರಲ್ಲಿ ಸಂಪಾದಿಸಿದ ಸಿಂಡ್ರೆಲಾ ಕುರಿತ ಗ್ರಂಥದಲ್ಲಿ ಅವಳ ಮೇಲೆ ರಾಮಾನುಜನ್ನರ ಲೇಖನವೇ ಇದೆ. ಚಿನ್ನದ ಕೂದಲಿನ ಹುಡುಗಿ ಅವಳು. ಆ ಕೂದಲು ಕಂಡು ಒಡಹುಟ್ಟಿದವನೇ ಮದುವೆಯಾಗಬೇಕೆಂದಾಗ ಮನೆ ಬಿಟ್ಟು, ಮುಖಕ್ಕೆ ಮಣ್ಣಿನ ಮುಖವಾಡ ಹಾಕಿಕೊಂಡು, ಇನ್ನೊಬ್ಬರ ಮನೆಯಲ್ಲಿ ಅಡುಗೆ ಕೆಲಸಕ್ಕೆ ಸೇರುತ್ತಾಳೆ. ಇಲ್ಲಿ ವರ ಕೊಡುವ ಯಕ್ಷಿಣಿ ಇಲ್ಲ, ಗಾಜಿನ ಚಪ್ಪಲಿ ಇಲ್ಲ. ಹಂಚಿಯನ್ನು ಕಾಯುವುದು ಅವಳ ಕೈಯ ಅಡುಗೆ.

ಕತೆ ಮದುವೆಗೆ ನಿಲ್ಲುವುದಿಲ್ಲ ಎಂಬುದೇ ಇದರಲ್ಲಿ ದೊಡ್ಡ ವಿಷಯ. ಮನೆಯ ಮಗ ಅವಳ ನಿಜರೂಪ ಕಂಡು ಮದುವೆಯಾದ ಮೇಲೆ ಆ ಮನೆಗೆ ಬರುವ ಗುರುಸ್ವಾಮಿಯ ಕಣ್ಣು ಅವಳ ಮೇಲೆ ಬೀಳುತ್ತದೆ. ಇನ್ನೊಂದು ಸುತ್ತಿನ ಕಷ್ಟ ಶುರುವಾಗುತ್ತದೆ. ಹೆಂಗಸರು ಹೆಂಗಸರಿಗೆ ಹೇಳುವ ಕತೆಗಳಲ್ಲಿ ಮದುವೆ ಕೊನೆಯಲ್ಲಿ ಇರುವುದಿಲ್ಲ, ನಡುವೆ ಬರುತ್ತದೆ ಎಂದು ರಾಮಾನುಜನ್ ಗುರುತಿಸಿದ್ದರು. ಹೂವಿನ ಮರವಾಗುವ ಹುಡುಗಿಯ ಕತೆಯಲ್ಲೂ ಹೀಗೆಯೇ. ಎರಡು ಕೊಡ ನೀರಿನಿಂದ ಮರವಾಗಿ, ಮತ್ತೆ ಮನುಷ್ಯಳಾಗುವ ಅವಳಿಗೆ ನಿಜವಾದ ಅಪಾಯ ಬರುವುದು ರಾಜಕುಮಾರನನ್ನು ಮದುವೆಯಾದ ಮೇಲೆ, ಗಂಡನ ಮನೆಯಲ್ಲಿ. ಗಿರೀಶ ಕಾರ್ನಾಡರು ಅದನ್ನು ‘ಚೆಲುವಿ’ ಎಂಬ ಚಲನಚಿತ್ರ ಮಾಡಿದರು, ಅಮೆರಿಕದ ಸಂಗೀತಕಾರ ಜಾನ್ ಆ್ಯಡಮ್ಸ್ 2006ರಲ್ಲಿ ವಿಯೆನ್ನಾದಲ್ಲಿ ಒಪೆರಾ ಮಾಡಿದರು. ರಾಜಕುಮಾರ ಸಿಕ್ಕಿದ, ಮುಗಿಯಿತು ಎನ್ನುವ ಜಾಡನ್ನು ಒಡೆಯಲು ನಮ್ಮ ಅಜ್ಜಿಯರಿಗೆ ಇಪ್ಪತ್ತನೆಯ ಶತಮಾನ ಬೇಕಾಗಲಿಲ್ಲ. ಮದುವೆಯಾದ ಹೆಣ್ಣುಮಕ್ಕಳು ಎದುರಿಗೇ ಕುಳಿತಿರುತ್ತಿದ್ದರು, ಸುಳ್ಳು ಹೇಳುವ ಹಾಗಿರಲಿಲ್ಲ.

ರಾಮಾನುಜನ್ನರ ಸಂಗ್ರಹದಲ್ಲಿ ನಾನು ತಲೆಯ ಮೇಲೆ ಇಟ್ಟುಕೊಳ್ಳುವ ಕತೆ ಇನ್ನೊಂದು. ಗೃಹಿಣಿಯೊಬ್ಬಳಿಗೆ ಒಂದು ಕತೆ ಗೊತ್ತು, ಒಂದು ಹಾಡು ಗೊತ್ತು. ಅವಳು ಯಾರಿಗೂ ಹೇಳುವುದಿಲ್ಲ. ಒಳಗೇ ಇದ್ದು ಇದ್ದು ಅವಕ್ಕೆ ಉಸಿರು ಕಟ್ಟುತ್ತದೆ. ಅವಳು ಬಾಯಿ ತೆರೆದು ನಿದ್ದೆ ಮಾಡುವಾಗ ಹೊರಬಿದ್ದು, ಕತೆ ಒಂದು ಜೊತೆ ಜೋಡಾಗುತ್ತದೆ, ಹಾಡು ಗಂಡಸರ ಅಂಗಿಯಾಗುತ್ತದೆ. ಹೊರಗಿನಿಂದ ಬಂದ ಗಂಡ ಯಾರು ಬಂದಿದ್ದಾರೆ ಎಂದು ಕೇಳುತ್ತಾನೆ. ಅವಳಿಗೇನು ಗೊತ್ತು? ಜಗಳವಾಗಿ ಅವನು ಹನುಮಂತನ ಗುಡಿಗೆ ಹೋಗಿ ಮಲಗುತ್ತಾನೆ. ಊರಿನ ಮನೆಗಳಲ್ಲಿ ಆರಿಸಿದ ದೀಪಗಳ ಜ್ಯೋತಿಗಳೆಲ್ಲ ರಾತ್ರಿ ಅಲ್ಲಿ ಸೇರಿ ಹರಟೆ ಹೊಡೆಯುವ ಪದ್ಧತಿ. ಅವನ ಮನೆಯ ಜ್ಯೋತಿ ತಡವಾಗಿ ಬಂದು, ಜಗಳಕ್ಕೆ ಕಾರಣವನ್ನು ಉಳಿದವಕ್ಕೆ ವಿವರಿಸುತ್ತದೆ. ಗಂಡನಿಗೆ ಸತ್ಯ ತಿಳಿಯುತ್ತದೆ. ಮನೆಗೆ ಬಂದು ಹೆಂಡತಿಯನ್ನು ಕತೆ ಏನು, ಹಾಡು ಏನು ಎಂದು ಕೇಳಿದರೆ, ಅವಳಿಗೆ ಎರಡೂ ಮರೆತುಹೋಗಿವೆ.

ಪ್ರಾಚೆಟ್‌ನ ಲೋಕದಲ್ಲಿ ಕತೆಗೆ ಮನುಷ್ಯರು ಬೇಕು, ತನ್ನ ಆಕಾರ ತುಂಬಿಸಿಕೊಳ್ಳಲು. ನಮ್ಮ ಈ ಕತೆಯಲ್ಲಿ ಕತೆಗೆ ಬೇಕಾದದ್ದು ಒಂದು ಬಾಯಿ. ಹೇಳಿದರೆ ಕತೆ ಬದುಕುತ್ತದೆ, ಹೇಳದಿದ್ದರೆ ಸೇಡು ತೀರಿಸುತ್ತದೆ. ಎರಡರಲ್ಲೂ ಕತೆಗೆ ಜೀವವಿದೆ, ಹಟವಿದೆ. ಆದರೆ ನಮ್ಮದರ ಸೇಡು ಎಷ್ಟು ಚಿಕ್ಕದು, ಎಷ್ಟು ಮನೆಯೊಳಗಿನದು! ಒಂದು ಜೊತೆ ಜೋಡು, ಒಂದು ಅಂಗಿ, ಗಂಡನ ಅನುಮಾನ. ಅದೇ ಸಾಕು ಸಂಸಾರ ಅಲ್ಲಾಡಿಸಲು ಎಂಬುದನ್ನು ಬಲ್ಲ ಹೆಂಗಸರು ಕಟ್ಟಿದ ಹಾಸ್ಯ ಅದು.

ಕಾರ್ನಾಡರು ಈ ಕತೆಯನ್ನೇ ಬಾಗಿಲು ಮಾಡಿಕೊಂಡು ‘ನಾಗಮಂಡಲ’ ಬರೆದರು. ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಸಂದರ್ಶಕ ಪ್ರಾಧ್ಯಾಪಕರಾಗಿದ್ದಾಗ ಬರೆದ ನಾಟಕ ಅದು, ಪ್ರಕಟವಾದದ್ದು 1988ರಲ್ಲಿ. ಅದರ ಮೊದಲ ದೃಶ್ಯಕ್ಕೆ ಸಾಟಿಯಾದ ನಗೆಯ ಪ್ರವೇಶ ನಮ್ಮ ರಂಗಭೂಮಿಯಲ್ಲಿ ಅಪರೂಪ. ಪಾಳುಗುಡಿಯಲ್ಲಿ ಒಬ್ಬ ನಾಟಕಕಾರ ಕುಳಿತಿದ್ದಾನೆ. ತನ್ನ ನಾಟಕಗಳಿಂದ ಎಷ್ಟೋ ಜನರನ್ನು ನಿದ್ದೆಗೆ ಕೆಡವಿದ ಪಾಪಕ್ಕೆ ಅವನಿಗೊಂದು ಶಾಪವಿದೆ. ಈ ತಿಂಗಳಲ್ಲಿ ಒಂದು ರಾತ್ರಿ ಪೂರ್ತಿ ಎಚ್ಚರವಾಗಿರಬೇಕು, ಇಲ್ಲವೆಂದರೆ ಸಾವು. ಜ್ಯೋತಿಗಳು ಬಂದು ತಂತಮ್ಮ ಮನೆಯ ಗುಟ್ಟು ಬಿಚ್ಚುತ್ತವೆ. ಆಮೇಲೆ ಕತೆಯೇ ಹೆಣ್ಣಾಗಿ, ಹಾಡನ್ನೇ ಸೀರೆಯಾಗಿ ಉಟ್ಟು ಬರುತ್ತಾಳೆ. ಕೇಳು, ಆದರೆ ಕೇಳಿದ್ದನ್ನು ಇನ್ನೊಬ್ಬರಿಗೆ ಹೇಳಲೇಬೇಕು ಎಂಬುದು ಅವಳ ಕರಾರು.

ಅವಳು ಹೇಳುವ ಕತೆಯಲ್ಲಿ ರಾಣಿ ಇದ್ದಾಳೆ, ಅವಳನ್ನು ಮನೆಯಲ್ಲಿ ಕೂಡಿಹಾಕಿ ಹಗಲು ಊಟಕ್ಕಷ್ಟೇ ಬರುವ ಗಂಡ ಅಪ್ಪಣ್ಣ ಇದ್ದಾನೆ, ರಾತ್ರಿ ಅಪ್ಪಣ್ಣನ ರೂಪದಲ್ಲಿ ಬರುವ ನಾಗನಿದ್ದಾನೆ. ಮಗನ ಹೆಗಲೇರಿ ಬರುವ ಕುರುಡವ್ವ ಬೇರು ಕೊಡುತ್ತಾಳೆ. ಬೇರು ಅರೆದ ಸಾರು ಗಂಡನ ಬಾಯಿಗೆ ಬೀಳದೆ ಹುತ್ತದೊಳಗೆ ಹೋಗುತ್ತದೆ. ರಾಣಿ ಬಸುರಾದಾಗ ಗಂಡ ಪಂಚಾಯಿತಿ ಸೇರಿಸುತ್ತಾನೆ. ಅವಳು ಹಾವನ್ನೇ ಹಿಡಿದು ಪ್ರಮಾಣ ಮಾಡುತ್ತಾಳೆ, ಈ ಹಾವು ಮತ್ತು ನನ್ನ ಗಂಡನನ್ನು ಬಿಟ್ಟು ಇನ್ನಾರನ್ನೂ ಮುಟ್ಟಿಲ್ಲ ಎಂದು. ಊರು ಅವಳನ್ನು ದೇವತೆ ಎನ್ನುತ್ತದೆ. ಸುಖಾಂತ್ಯ. ಜಾಡು ಮುಗಿಯಿತು.

ಇಲ್ಲಿ ಗುಡಿಯಲ್ಲಿ ಕುಳಿತವನು ಒಪ್ಪುವುದಿಲ್ಲ. ರಾಣಿಗೆ ಗೊತ್ತಾಗಲಿಲ್ಲವೇ, ಹಗಲಿನ ಗಂಡ ಮತ್ತು ರಾತ್ರಿಯ ಗಂಡ ಬೇರೆ ಎಂದು? ತಾನು ಮುಟ್ಟದ ಹೆಂಡತಿಗೆ ಮಗು ಹೇಗಾಯಿತೆಂಬ ಪ್ರಶ್ನೆ ಅಪ್ಪಣ್ಣನೊಳಗೆ ಸುಮ್ಮನಾಯಿತೇ? ನಾಗನ ಗತಿ ಏನು? ಕತೆ ಮುಂದುವರಿಯುತ್ತದೆ. ನಾಗ ರಾಣಿಯ ಕೂದಲಲ್ಲೇ ಪ್ರಾಣ ಬಿಡುತ್ತಾನೆ, ಮಗನ ಕೈಯಲ್ಲಿ ಅವನಿಗೆ ಅಂತ್ಯಸಂಸ್ಕಾರವಾಗುತ್ತದೆ. ಜ್ಯೋತಿಗಳಿಗೆ ಅದೂ ಸಾಲದು. ಆಗ ಇನ್ನೊಂದು ಮುಕ್ತಾಯ ಬರುತ್ತದೆ. ನಾಗ ಸಾಯುವುದಿಲ್ಲ, ರಾಣಿ ತಿಳಿದೂ ಅವನನ್ನು ತನ್ನ ಕೂದಲೊಳಗೆ ಇಟ್ಟುಕೊಳ್ಳುತ್ತಾಳೆ. ಕೇಳುವವರು ಅಡ್ಡಬಾಯಿ ಹಾಕಿದ್ದಕ್ಕೆ ಒಂದು ಹೆಣ್ಣಿಗೆ ತನ್ನ ಬದುಕಿನ ಒಂದು ಗುಟ್ಟು ತನಗೇ ಉಳಿಯಿತು. 1997ರಲ್ಲಿ ನಾಗಾಭರಣರು ಇದನ್ನು ಚಲನಚಿತ್ರ ಮಾಡಿದರು, ಚೆನ್ನಾಗಿಯೂ ಇತ್ತು. ಆದರೂ ನನ್ನ ಮಟ್ಟಿಗೆ ಹೇಳುವುದಾದರೆ, ಈ ಎರಡು ಮುಕ್ತಾಯಗಳ ನಡುವಿನ ಜಗಳವನ್ನು ರಂಗದ ಮೇಲೆಯೇ ಕೇಳಬೇಕು. ಪ್ರೇಕ್ಷಕರೂ ಆಗ ಜ್ಯೋತಿಗಳ ಸಾಲಿನಲ್ಲಿ ಕುಳಿತಿರುತ್ತಾರೆ.

ನನ್ನ ವಯಸ್ಸಿನವರಿಗೆ ಜಾಡಿನ ಮೊದಲ ರುಚಿ ಹತ್ತಿಸಿದ್ದು ‘ಚಂದಮಾಮ’. ಕನ್ನಡದಲ್ಲಿ 1949ರಲ್ಲಿ ಶುರುವಾದ ಆ ಮಾಸಪತ್ರಿಕೆ ಈಗ ನಿಂತುಹೋಗಿದೆ. ಹೆಗಲ ಮೇಲೆ ಹೆಣ, ಕೈಯಲ್ಲಿ ಕತ್ತಿ, ಹಟ ಬಿಡದ ರಾಜ ವಿಕ್ರಮ. 2020ರಲ್ಲಿ ತೀರಿಕೊಂಡ ಚಿತ್ರಕಾರ ಶಂಕರ್ ಬರೆದ ಆ ಒಂದು ಚಿತ್ರ ದಕ್ಷಿಣ ಭಾರತದ ಎಷ್ಟೋ ಮಕ್ಕಳ ಮನಸ್ಸಿನಲ್ಲಿ ಇವತ್ತಿಗೂ ಅಚ್ಚೊತ್ತಿದೆ. ಆ ಹೆಣದೊಳಗಿನ ಬೇತಾಳ ಹೇಳುವ ಕತೆಗಳು ಮೂಲದಲ್ಲಿ ಇಪ್ಪತ್ತೈದು. ಹನ್ನೊಂದನೆಯ ಶತಮಾನದ ಸೋಮದೇವನ ‘ಕಥಾಸರಿತ್ಸಾಗರ’ದಲ್ಲೂ ಅವಿವೆ. ಚಂದಮಾಮದವರು ಅದೇ ಅಚ್ಚಿಗೆ ತಿಂಗಳಿಗೊಂದು ಹೊಸ ಕತೆ ಹಾಕುತ್ತಾ ದಶಕಗಳ ಕಾಲ ನಡೆಸಿದರು. ಆರಂಭ ಗೊತ್ತು, ಕೊನೆ ಗೊತ್ತು, ರಾಜ ಬಾಯಿಬಿಡುತ್ತಾನೆ, ಹೆಣ ಮರಕ್ಕೆ ಹಾರುತ್ತದೆ ಎಂಬುದೂ ಗೊತ್ತು. ಆದರೂ ಓದುತ್ತಿದ್ದೆವು. ಏಕೆಂದರೆ ನಡುವೆ ಒಂದು ಪ್ರಶ್ನೆ ಇತ್ತು, ಅದಕ್ಕೆ ರಾಜನಿಗಿಂತ ಮೊದಲು ನಾವು ಉತ್ತರ ಹೇಳಬೇಕಿತ್ತು. ಮೂಲದ ಕೊನೆಯ ಕತೆಯಲ್ಲಿ ಒಬ್ಬ ತಂದೆ ಬೇರೊಬ್ಬ ತಾಯಿಯ ಮಗಳನ್ನು, ಅವನ ಮಗ ಆ ತಾಯಿಯನ್ನು ಮದುವೆಯಾಗಿಬಿಡುತ್ತಾರೆ. ಹುಟ್ಟಿದ ಮಕ್ಕಳು ಪರಸ್ಪರ ಏನಾಗಬೇಕು? ರಾಜನಿಗೆ ಉತ್ತರ ಹೊಳೆಯುವುದಿಲ್ಲ, ಸುಮ್ಮನೆ ನಡೆಯುತ್ತಾನೆ. ಆ ಮೌನದಿಂದಲೇ ಅವನಿಗೆ ಬೇತಾಳ ಒಲಿಯುತ್ತದೆ. ಪದ್ಧತಿಯೊಳಗೇ ಪದ್ಧತಿಯನ್ನು ಬಿಡಿಸುವ ಕೀಲಿಯನ್ನು ಇಟ್ಟವರ ಜಾಣ್ಮೆಗೆ ಕೈ ಮುಗಿಯಬೇಕು.

ಅಡ್ಡಬಾಯಿ ಹಾಕುವುದನ್ನೇ ಕಸುಬು ಮಾಡಿಕೊಂಡವರೂ ನಮ್ಮಲ್ಲಿದ್ದಾರೆ. ಬಯಲುಸೀಮೆಯ ಮೂಡಲಪಾಯದಲ್ಲಿ, ಕೋಲಾರ ಬೆಂಗಳೂರು ಕಡೆ ಕೇಳಿಕೆ ಎನ್ನುವ ಆಟದಲ್ಲಿ, ಕಿರೀಟ ಭುಜಕೀರ್ತಿ ತೊಟ್ಟು ಆರ್ಭಟಿಸುತ್ತಾ ಬರುವ ರಾಜನನ್ನು ಸಾರಥಿ ತಡೆದು ನಿಲ್ಲಿಸುತ್ತಾನೆ. ನೀನು ಯಾರು, ಯಾವ ಊರು, ಯಾರ ಮಗ, ಇಲ್ಲಿಗೆ ಬಂದ ಕಾರಣವೇನು? ಎಷ್ಟೇ ದೊಡ್ಡ ಚಕ್ರವರ್ತಿಯಾದರೂ ಉತ್ತರ ಕೊಟ್ಟೇ ಒಳಗೆ ಬರಬೇಕು. ಹಾಸ್ಯಗಾರನೋ ಕೋಡಂಗಿಯೋ ಇದ್ದರೆ ಊರ ಗೌಡನ ಸುದ್ದಿ, ಈ ವರ್ಷದ ಮಳೆ, ರಾಗಿಯ ಬೆಲೆ ಎಲ್ಲವೂ ಕುರುಕ್ಷೇತ್ರದ ನಡುವೆ ನುಗ್ಗುತ್ತದೆ. ದುರ್ಯೋಧನನ ಸಾವು ಮಾತ್ರ ತಪ್ಪುವುದಿಲ್ಲ. ಕತೆಯ ಕೊನೆಯನ್ನು ಬದಲಿಸದೆಯೇ ಅದರ ಗತ್ತನ್ನು ಇಳಿಸುವ ಈ ಕಲೆಯನ್ನು ಯಲಹಂಕದ ಸುತ್ತಲಿನ ಹಳ್ಳಿಗಳು ಬಡಾವಣೆಗಳಾಗುವ ಅವಸರದಲ್ಲಿ ಕೈಬಿಡುತ್ತಿರುವುದು ನನಗೆ ನಿಜವಾದ ಸಂಕಟ. ಮನೆ ಕಟ್ಟಲು ಜಾಗ ಕೊಟ್ಟ ಊರು ತನ್ನ ಆಟಗಳನ್ನೂ ಕೊಟ್ಟಿರುತ್ತಿತ್ತು, ನಾವು ಕೇಳಬೇಕಿತ್ತು.

ಹೊರಗಿನ ಕತೆಯನ್ನು ತಂದು ಇಲ್ಲಿನ ನಗೆಯಲ್ಲಿ ಅದ್ದಿ ತೆಗೆದ ಮಾದರಿಯೂ ನಮಗಿದೆ. ರಾಬರ್ಟ್ ಬ್ರೌನಿಂಗ್ 1842ರಲ್ಲಿ ಪ್ರಕಟಿಸಿದ ಹ್ಯಾಮೆಲಿನ್ ಊರಿನ ಕೊಳಲುಗಾರನನ್ನು ಕುವೆಂಪು ತುಂಗೆಯ ದಡದ ಬೊಮ್ಮನಹಳ್ಳಿಗೆ ಕರೆತಂದರು. ನಗರಸಭೆಯ ಅಧ್ಯಕ್ಷ ಊರ ಗೌಡನಾದ, ಕೊಳಲು ಕಿಂದರಿಯಾಯಿತು, ಕೊಳಲುಗಾರ ಜೋಗಿಯಾದ. ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನು ಓದಿದ ಯಾವ ಮಗುವಿಗೂ ಅದು ಬೇರೆ ದೇಶದ್ದು ಅನಿಸುವುದಿಲ್ಲ, ಏಕೆಂದರೆ ಇಲಿಗಳ ಆ ಮೆರವಣಿಗೆ ಕನ್ನಡದ ಉಸಿರಿನಲ್ಲೇ ಓಡುತ್ತದೆ. ನಗಿಸುತ್ತಾ ನಗಿಸುತ್ತಾ, ಕೊಟ್ಟ ಮಾತಿಗೆ ತಪ್ಪಿದ ದೊಡ್ಡವರಿಗಾಗಿ ಮಕ್ಕಳು ದಂಡ ತೆರುವ ಕಡೆಗೆ ಒಯ್ಯುತ್ತದೆ.

ಕಾದಂಬರಿಯಲ್ಲಿ ಹುಡುಕಿದರೆ ಹತ್ತಿರಕ್ಕೆ ಬರುವುದು ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’. 1980ರ ಆ ಪುಸ್ತಕವನ್ನು ಯಾರೂ ರಾಜಕುಮಾರನ ಕತೆಗಳ ಸಾಲಿನಲ್ಲಿ ಇಡುವುದಿಲ್ಲ. ಆದರೆ ಅದರ ಮೂಳೆ ನೋಡಿ. ಲಕ್ಷಾಂತರ ವರ್ಷಗಳಿಂದ ಬದಲಾಗದ ಹಾರುವ ಓತಿಯನ್ನು ಹುಡುಕಿ ಒಂದು ದಂಡು ಕಾಡಿಗೆ ಹೊರಡುತ್ತದೆ. ಏಳು ಸಮುದ್ರದಾಚೆಯ ಗಿಳಿಗೆ ಹೊರಟ ಹಾಗೆಯೇ. ದಂಡಿನಲ್ಲಿರುವವರು ಯಾರು? ಒಬ್ಬ ವಿಜ್ಞಾನಿ, ಮಂದಣ್ಣ, ಬಿರ್ಯಾನಿ ಕರಿಯಪ್ಪ, ಕಿವಿ ಎಂಬ ನಾಯಿ. ಮಂದಣ್ಣನನ್ನು ಊರು ದಡ್ಡ ಎನ್ನುತ್ತದೆ, ಕಾಡನ್ನು ಬಲ್ಲವನು ಅವನೊಬ್ಬನೇ. ರಾಜನ ಮೂವರು ಮಕ್ಕಳಲ್ಲಿ ಎಲ್ಲರೂ ದಡ್ಡನೆನ್ನುವ ಕಿರಿಯವನೇ ಗೆಲ್ಲುವ ಹಳೆಯ ಜಾಡು ಇಲ್ಲಿ ಮೂಡಿಗೆರೆಯ ಮಣ್ಣು ಮೆತ್ತಿಕೊಂಡು ನಿಂತಿದೆ. ಕೊನೆಯಲ್ಲಿ ಓತಿ ಕೈಗೆ ಸಿಗದೆ ಹಾರಿಹೋಗುತ್ತದೆ. ಕತೆಗೆ ಬೇಕಾದ ಬಹುಮಾನವನ್ನು ಕೊಡದೆ ಓದುಗನನ್ನು ಅಷ್ಟು ತುಂಬಿಸಿ ಕಳಿಸಿದ ಕಾದಂಬರಿ ಕನ್ನಡದಲ್ಲಿ ಬೇರೆ ಇದೆಯೇ ಎಂದು ನನಗೆ ಅನುಮಾನ.

ಇಷ್ಟೆಲ್ಲ ಸಾಮಾನು ಮನೆಯಲ್ಲೇ ಇದ್ದೂ, ನಮ್ಮ ರಾಜರಾಣಿಯರ, ಮಾಯಾಮಂತ್ರದ ಕತೆಗಳನ್ನು ಒಳಗಿನಿಂದ ನಗಿಸುತ್ತಾ ಪ್ರಶ್ನಿಸುವ ದೊಡ್ಡ ಕನ್ನಡ ಕಾದಂಬರಿಗಾಗಿ ನಾನು ಕಾಯುತ್ತಿದ್ದೇನೆ. ನಾಟಕಕ್ಕೆ ಸಿಕ್ಕಷ್ಟು ಇದು ಕಾದಂಬರಿಗೆ ಸಿಕ್ಕಿಲ್ಲ. ನಮ್ಮ ಗದ್ಯ ವಾಸ್ತವದ ಕಡೆಗೆ ಬಹಳ ಶ್ರದ್ಧೆಯಿಂದ ನಡೆಯಿತು, ಅದು ಬೇಕಿತ್ತು. ಮಾಯೆಯ ಕತೆಗಳನ್ನು ಮಕ್ಕಳ ಪಾಲಿಗೆ ಬಿಟ್ಟೆವು. ಈಗ ಪುಟ್ಟೇನಹಳ್ಳಿಯ ಮಕ್ಕಳು ಡ್ರ್ಯಾಗನ್ನುಗಳ, ಮಂತ್ರದ ಶಾಲೆಗಳ ದಪ್ಪ ಇಂಗ್ಲಿಷ್ ಪುಸ್ತಕಗಳನ್ನು ಒಂದೇ ಗುಕ್ಕಿಗೆ ಓದಿ ಮುಗಿಸುತ್ತಾರೆ. ಅವರಿಗೆ ಪದ್ಧತಿಗಳು ಚೆನ್ನಾಗಿ ಗೊತ್ತು, ಯಾವ ಪಾತ್ರ ಯಾವಾಗ ಸಾಯುತ್ತದೆಂದು ಮೊದಲೇ ಹೇಳಬಲ್ಲರು. ಓದುಗರು ಸಿದ್ಧರಿದ್ದಾರೆ.

ಬರೆಯುವ ಹುಡುಗ ಹುಡುಗಿಯರು ಯಾರಾದರೂ ಕೇಳಿದರೆ ಹಂಚಿಯಿಂದ ಶುರುಮಾಡಿ ಎನ್ನುತ್ತೇನೆ. ಅವಳಿಂದಲೂ ಅಲ್ಲ, ಆ ಮುಖವಾಡದಿಂದ. ಕತೆಗೆ ಮುಖವಾಡ ಬೇಕಿತ್ತು, ಬಂತು. ಯಾರೋ ಮಣ್ಣು ತುಳಿದಿರಬೇಕು, ತಟ್ಟಿರಬೇಕು, ಬೇಯಿಸಿರಬೇಕು. ಕುಂಬಾರರ ಬೀದಿಯಲ್ಲಿ ಮಡಕೆ ಬಡಿಯುತ್ತಾ ಕುಳಿತ ಒಬ್ಬಾಕೆಯನ್ನು ನಾನು ಊಹಿಸಿಕೊಳ್ಳುತ್ತೇನೆ. ಕತ್ತಲಾಗುವ ಹೊತ್ತಿಗೆ ತಲೆತುಂಬ ಸೆರಗು ಹೊದ್ದ ಹುಡುಗಿಯೊಬ್ಬಳು ಬಂದು, ಮುಖ ಮುಚ್ಚುವ ಹಾಗೆ ಮಣ್ಣಿನದೊಂದು ಬೇಕು, ಬೆಳಗಾಗುವುದರೊಳಗೆ ಬೇಕು ಎನ್ನುತ್ತಾಳೆ. ಕತೆಯ ಪ್ರಕಾರ ಅವಳು ತೆಗೆದುಕೊಂಡು ಹೋಗಿಬಿಡಬೇಕು. ಕುಂಬಾರಗಿತ್ತಿ ಕೈ ಒರೆಸಿಕೊಂಡು ಎದ್ದು, ದೀಪ ತಂದು ಹಿಡಿದು ಹೇಳುತ್ತಾಳೆ: “ಅಳತೆ ಬೇಕಲ್ಲವ್ವಾ, ಸೆರಗು ತೆಗಿ. ಉಸಿರಾಡಕ್ಕೆ ತೂತು ಎಲ್ಲಿಡ್ಲಿ? ಕುಂತ್ಕೋ ಮೊದ್ಲು, ಯಾರು ಓಡಿಸ್ಕೊಂಡು ಬಂದ್ರು ನಿನ್ನ, ಅದನ್ನ ಹೇಳು.”